ಅತ್ತಿಗೆಯ ಬುಟ್ಟಿಯ ಸುಳ್ಳು ಸೊಪ್ಪು

ಜನರಿಗೆ ಸಿಟ್ಟು ಬರಿಸುವುದರಲ್ಲಿ ನನ್ನನ್ನು ಮೀರಿಸಿದವರು ಮೂರು ತಾಲೂಕಿನಲ್ಲಿ ಹುಟ್ಟಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂದು ಕೂಗುತ್ತಾ ಖಾಸಗಿ ಬಸ್ಸಿನ ಕಂಡಕ್ಟರನಾಗಿ ಆಯುಷ್ಯ ಸವೆಸಿದವನು ನಾನು. ಬಾಯಿ ತೆರೆದುಕೊಂಡು ಮಲಗಿದ್ದವರನ್ನು "ಶೃಂಗೇರಿ ಬಂತು, ಇಳೀರಿ ಇಳೀರಿ" ಎಂದು ಎಬ್ಬಿಸಿ, ಅವರು ಚೀಲ ಹೊತ್ತು ಬಾಗಿಲಿಗೆ ಬಂದಮೇಲೆ "ಅಯ್ಯೋ, ಇದಿನ್ನೂ ಹರಿಹರಪುರ" ಎನ್ನುತ್ತಿದ್ದೆ. ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ನನಗೆ ಮಾತ್ರ ಸಿಟ್ಟು ಬಂದದ್ದು ಅಪರೂಪ. ಅಂಥ ನನ್ನನ್ನು ಕೊಪ್ಪದ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ, ಬನ್ಸ್ ತಿನ್ನುತ್ತಾ ಕೂತ ಒಬ್ಬ ಯುವಕ ಮೈಯೆಲ್ಲ ಉರಿಯುವಂತೆ ಮಾಡಿಬಿಟ್ಟ. ಆ ಉರಿ ಇನ್ನೂ ಆರಿಲ್ಲ.

ಅವನ ಕೈಯಲ್ಲೊಂದು ಟ್ಯಾಬ್. ಯಾವುದೋ ಕಂಪನಿಯವನು, ಹಳ್ಳಿಮದ್ದು ಕೊಡುವವರನ್ನು ಹುಡುಕಿ, ಅವರ ಮದ್ದಿನ ವಿವರ ಬರೆದುಕೊಳ್ಳುವುದು ಅವನ ನೌಕರಿ. ಹೊಸಬರನ್ನು ಮಾತಿಗೆಳೆಯದೆ ನನಗೆ ಕಾಫಿ ಇಳಿಯುವುದಿಲ್ಲ. ಕೇಳಿದೆ. ಹೆಮ್ಮೆಯಿಂದ ಹೇಳಿದ.

"ಎನ್.ಆರ್. ಪುರದ ಕಡೆ ಹೆಚ್ಚುಕಡಿಮೆ ಮುಗೀತು ಅಂಕಲ್. ಸೀತೂರಲ್ಲಿ ಒಬ್ರು ಅಜ್ಜಿ ಸಿಕ್ಕಿದ್ರು. ಸರ್ಪಸುತ್ತಿಗೆ ಹಚ್ಚೋ ಮದ್ದು. ಯಾರಿಗೂ ಹೇಳಲ್ಲ ಅಂತಿದ್ರು, ನಂಗೆ ಹೇಳಿದ್ರು. ಒಂಬತ್ತು ಸೊಪ್ಪು!"

ಹೇಳಿದವನು ಸುಮ್ಮನಿದ್ದನೇ? ಟ್ಯಾಬ್ ಮೇಲೆ ಬೆರಳು ಸವರಿ, ಒಂಬತ್ತನ್ನೂ ಗಟ್ಟಿಯಾಗಿ ಓದಿದ. ಒಂದೆಲಗ, ಗರಿಕೆ, ಲಕ್ಕಿ, ತುಂಬೆ... ಪಕ್ಕದ ಮೇಜಿನವರೂ ಕೇಳಿಸಿಕೊಂಡರು. (ನಾನಿಲ್ಲಿ ಬರೆದಿರುವ ಹೆಸರುಗಳನ್ನು ನಂಬಿ ಅರೆಯಲು ಕೂರಬೇಡಿ. ನನ್ನನ್ನು ಬಲ್ಲವರಿಗೆ ಇದನ್ನು ಹೇಳಬೇಕಾಗಿಲ್ಲ.)

ಸೀತೂರಿನ ಆ ಅಜ್ಜಿ ನನ್ನ ಅತ್ತಿಗೆ. ಆ ಮದ್ದು ನನ್ನ ಮನೆಯ ಮದ್ದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅಣ್ಣನಿಗೆ, ಅಣ್ಣ ಹೋಗುವ ಮುಂಚೆ ಅತ್ತಿಗೆಗೆ ಬಂದದ್ದು. ನನಗೆ ಬರಲಿಲ್ಲ. "ಇವನ ಬಾಯಲ್ಲಿ ಗುಟ್ಟು ನಿಲ್ಲೂದಿಲ್ಲ, ಇವನಿಗೆ ಹೇಳಕೂಡದು" ಎಂದು ಅಪ್ಪ ಅಣ್ಣನಿಂದ ಆಣೆ ಹಾಕಿಸಿಕೊಂಡಿದ್ದ. ಕಾರಣ ಇಷ್ಟೇ: ನಮ್ಮ ಮದ್ದಿನ ಗುಟ್ಟೆಲ್ಲ ಹೆಡ್ಮಾಷ್ಟ್ರ ನಶ್ಯದಲ್ಲಿದೆ ಎಂದು ನಾನು ಶಾಲೆಯಲ್ಲಿ ಹಬ್ಬಿಸಿದ್ದೆ, ನಾಲ್ಕಾರು ಮಂದಿ ಮಾಷ್ಟ್ರ ಬಳಿ ನಶ್ಯ ಕೇಳಲು ಹೋಗಿದ್ದರು. ಒಳ್ಳೆಯ ತಮಾಷೆ ಅದು. ಈಗಲೂ ನೆನೆದರೆ ನಗು ಬರುತ್ತದೆ. ಅಷ್ಟಕ್ಕೇ ಜೀವಮಾನವಿಡೀ ಹೊರಗಿಟ್ಟರು. ಮನೆಯ ಮಗನಿಗೆ ಹೇಳದ್ದನ್ನು ಟ್ಯಾಬ್ ಹಿಡಿದ ಊರಿಲ್ಲದವನಿಗೆ ಹೇಳಿದ್ದಾಳೆ! ಕಾಫಿ ಲೋಟ ಕುಕ್ಕಿದ್ದಕ್ಕೆ ಸಪ್ಲೈಯರ್ ತಿರುಗಿ ನೋಡಿದ.

"ಮತ್ತೆ ಹೋಟ್ಲಲ್ಲಿ ಓದ್ತೀಯಲ ಮಾರಾಯ, ಗುಟ್ಟು ಅಂದ್ರೆ ಎಂತ ಅಂತ ಗೊತ್ತುಂಟಾ ನಿಂಗೆ?" ಎಂದೆ.

"ಟೆನ್ಶನ್ ಬೇಡ ಅಂಕಲ್. ರೂಮಿಗೆ ಹೋಗಿ ವೈಫೈಯಲ್ಲಿ ಕಳಿಸಿದ ಮೇಲೆ ಎಲ್ಲ ಲಾಕ್ ಆಗಿರುತ್ತೆ. ಅಜ್ಜಿ ಪರ್ಮಿಷನ್ ಇಲ್ದೆ ಯಾರೂ ತೆಗೆಯೋಕಾಗಲ್ಲ."

ಅಷ್ಟರಲ್ಲಿ ನನ್ನ ಮಗಳು ಬಂದಳು. ಶೃಂಗೇರಿಗೆ ಕೊಟ್ಟಿದ್ದೇವೆ, ಕೊಪ್ಪದ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾಳೆ. ಉಳಿದ ಹೊತ್ತಿನಲ್ಲಿ ಅವಳ ಸಂಶೋಧನೆ ಬೀಗಗಳ ಮೇಲೆ. ಕಬ್ಬಿಣದ್ದಲ್ಲ, ಲೆಕ್ಕದ ಬೀಗ. ಫೋನು, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಮಾತು ಕದಿಯದಂತೆ ಹಾಕುತ್ತಾರಲ್ಲ, ಅದು. ಸಂಜೆ ನನ್ನನ್ನು ಮನೆಗೆ ಬಿಟ್ಟು ಹೋಗುವುದು ಅವಳ ರೂಢಿ. ವಿಷಯ ಹೇಳಿದೆ. ಅವಳು ಟ್ಯಾಬಿನವನ ಎದುರು ಕೂತು, ಯಾವ ಬೀಗ ಎಂದು ಕೇಳಿದಳು. ಅವನು ಮೇಲಿನವರಿಗೆ ಫೋನ್ ಮಾಡಿ ಕೇಳಿ ಹೇಳಿದ.

"ಇದು ಇವತ್ತಿಗೆ ಗಟ್ಟಿ," ಎಂದಳು ಮಗಳು. "ದೊಡ್ಡ ದೊಡ್ಡ ಸಂಖ್ಯೆ ಗುಣಿಸೋದು ಸುಲಭ, ಬಿಡಿಸೋದು ಕಷ್ಟ. ಆ ಕಷ್ಟದ ಮೇಲೆ ನಿಂತಿರೋ ಬೀಗ. ಈಗಿನ ಕಂಪ್ಯೂಟರಿಗೆ ಆಗಲ್ಲ. ಆದ್ರೆ ಕ್ವಾಂಟಮ್ ಕಂಪ್ಯೂಟರ್ ಅಂತ ಕಟ್ತಾ ಇದಾರೆ. ಅದು ದೊಡ್ಡದಾಗಿ ತಯಾರಾದ ದಿನ ಈ ಕಷ್ಟ ಕಷ್ಟವಾಗಿ ಉಳಿಯಲ್ಲ."

"ಅದು ಬಂದಾಗ ನೋಡ್ಕೊಳ್ಳೋಣ ಮೇಡಂ. ಆಗ ಹೊಸ ಲಾಕ್ ಹಾಕಿದ್ರಾಯ್ತು."

"ನಿಮ್ಮ ಹತ್ರ ಇರೋ ಪೆಟ್ಟಿಗೆಗೆ ಹಾಕಬಹುದು. ದಾರಿಯಲ್ಲಿ ಹೋಗೋವಾಗಲೇ ಯಾರಾದ್ರೂ ಬೀಗ ಸಮೇತ ನಕಲು ತೆಗೆದು ಇಟ್ಕೊಂಡಿದ್ರೆ? ಅವರಿಗೆ ಅವಸರ ಇಲ್ಲ. ಯಂತ್ರ ಬರೋವರೆಗೆ ಕಾಯ್ತಾರೆ, ಬಂದ ದಿನ ತೆಗೀತಾರೆ."

ಅವನು ಬನ್ಸಿನ ಕೊನೆಯ ತುಂಡು ಬಾಯಿಗಿಟ್ಟುಕೊಂಡು ನಕ್ಕ. "ಸೊಪ್ಪಿನ ಮದ್ದಿಗೆ ಯಾರು ಮೇಡಂ ಅಷ್ಟು ವರ್ಷ ಕಾಯ್ತಾರೆ? ಅಷ್ಟೊತ್ತಿಗೆ ಅಜ್ಜೀನೂ ಇರಲ್ಲ, ಅಂಕಲ್ಲೂ ಇರಲ್ಲ."

ನಾನು ಸಾಯುವುದರ ಬಗ್ಗೆ ನನಗೇನೂ ಬೇಜಾರಿಲ್ಲ. ಸತ್ತ ಹಾಗೆ ಮಲಗಿ ಡ್ರೈವರನನ್ನು ಅಳಿಸಿದವನು ನಾನು. ಆದರೆ ಆ ನಗು! ಮೂರು ತಲೆಮಾರು ಬಾಯಿ ಕಟ್ಟಿ ಕಾದದ್ದನ್ನು ಒಂದು ತಲೆಮಾರೂ ಬಾಳದ ಬೀಗದಲ್ಲಿಟ್ಟು, ಆಗ ನೀವೇ ಇರುವುದಿಲ್ಲವಲ್ಲ ಎಂದು ಸಮಾಧಾನ ಹೇಳುತ್ತಾನೆ. ಯಾರದೋ ಮನೆಗೆ ಬೆಂಕಿ ಇಟ್ಟು, ಸುಡುವ ಹೊತ್ತಿಗೆ ನಿಮಗೆ ನಿದ್ದೆ ಬಂದಿರುತ್ತದೆ ಎಂದ ಹಾಗೆ. "ಅಳಿಸು ಅದನ್ನ" ಎಂದೆ. ಒಮ್ಮೆ ಕಳಿಸಿದ್ದನ್ನು ಅಳಿಸಲು ಅವನ ಕೈಯಲ್ಲಿ ಬರುವುದಿಲ್ಲವಂತೆ. ಕಳಿಸುವ ಮುಂಚೆಯಾದರೆ, ಹೇಳಿದವರ ಮಾತು ನಂಬುವ ಹಾಗಿಲ್ಲ ಎಂದು ಅನ್ನಿಸಿದರೆ ಹೊಡೆದುಹಾಕಬಹುದಂತೆ. ಅಜ್ಜಿಯ ಮಾತಿನಲ್ಲಿ ಅವನಿಗೆ ಅನುಮಾನವಿಲ್ಲ, ರಾತ್ರಿಯೇ ಕಳಿಸುತ್ತಾನಂತೆ. ಮಗಳು ತೋಳು ಹಿಡಿದು ಎಳೆಯದಿದ್ದರೆ ಅವತ್ತು ಬನ್ಸಿನ ತಟ್ಟೆ ಅವನ ತಲೆಯ ಮೇಲೆ ಕೂರುತ್ತಿತ್ತು.

ಮರುದಿನ ಕಾಲೇಜಿಗೆ ರಜೆ ಹಾಕಿಸಿ, ಅವಳ ಕಾರಿನಲ್ಲಿ ಸೀತೂರಿಗೆ ಹೊರಟೆ. ದಾರಿಯುದ್ದಕ್ಕೂ ಗೊಣಗಿದೆ. "ಹಂಗಾದ್ರೆ ನೀನು ಮಾಡೂದು ಎಂತ ಬೀಗ? ಅದೂ ಆ ಯಂತ್ರ ಬಂದ್ರೆ ಮುರೀತದಾ?"

"ಈಗ ಗೊತ್ತಿರೋ ಮಟ್ಟಿಗೆ ಮುರಿಯಲ್ಲ ಅಪ್ಪಯ್ಯ. ಅದು ಬೇರೆ ಜಾತಿ. ನೀನು ಬಸ್ಸಿನ ಟಾಪಿಂದ ಡ್ರೈವರಿಗೆ ಕೂಗ್ತಿದ್ದೆಯಲ, ಇಂಜಿನ್ ಗಲಾಟೆಯಲ್ಲಿ ಅವನಿಗೆ ಹೆಂಗೆ ತಿಳೀತಿತ್ತು?"

"ಒಂದೇ ಮಾತು ಮೂರು ಸಲ ಕೂಗ್ತಿದ್ದೆ. ಒಂದು ಹಾರಿಹೋದ್ರೂ ಇನ್ನೊಂದು ಕೇಳ್ತದೆ."

"ಅದೇ ಕೋಡ್. ಮಾತಿಗೆ ಹೆಚ್ಚುವರಿ ಸೇರಿಸಿ ಉದ್ದ ಮಾಡೋದು, ದಾರಿಯಲ್ಲಿ ಅಲ್ಲಲ್ಲಿ ಕೆಟ್ಟರೂ ಸರಿಮಾಡೋಕೆ ಬರಲಿ ಅಂತ. ಫೋನಲ್ಲೂ ಇದೇ ಇರೋದು. ಈ ವಿದ್ಯೆಯನ್ನ ಬೀಗಕ್ಕೆ ತಿರುಗಿಸಿದವರು ಉಲ್ಟಾ ಯೋಚನೆ ಮಾಡಿದ್ರು. ದಾರಿ ಕೆಡಿಸೋವರೆಗೆ ಕಾಯೋದು ಬೇಡ, ನಾವೇ ಬೇಕಂತ ಕೆಡಿಸಿ ಕಳಿಸೋಣ. ಎಲ್ಲೆಲ್ಲಿ ಕೆಡಿಸಿದೆ ಅಂತ ಹುಡುಕಿ ತೆಗೆಯೋ ಉಪಾಯ ಒಬ್ಬರ ಹತ್ರ ಮಾತ್ರ. ಉಳಿದವರಿಗೆ ಅದು ಬರೀ ಕಸದ ರಾಶಿ. ಆ ಕಸದಲ್ಲಿ ಹುಡುಕೋಕೆ ಕ್ವಾಂಟಮ್ ಯಂತ್ರಕ್ಕೂ ಅಡ್ಡದಾರಿ ಸಿಕ್ಕಿಲ್ಲ."

"ಥೂ, ಇಷ್ಟೇನಾ!" ಎಂದೆ. "ಇದು ನಮ್ಮ ಮನೇದು! ನಿನ್ನ ದೊಡ್ಡಮ್ಮನ ಬುಟ್ಟಿ!"

ನಿಜ ಹೇಳುತ್ತೇನೆ, ನಮ್ಮ ಕಡೆ ಮದ್ದು ಕೊಡುವವರು ನಿಜವಾದ ಸೊಪ್ಪನ್ನಷ್ಟೇ ಕೊಯ್ದು ತರುವುದಿಲ್ಲ. ನೋಡಿದವರಿಗೆ ತಿಳಿಯಬಾರದೆಂದು ಕೆಲಸಕ್ಕೆ ಬಾರದ ನಾಲ್ಕಾರು ಸೊಪ್ಪು ಬೆರೆಸುತ್ತಾರೆ. ಅರೆಯುವಾಗ ಒಳಗೆ ಕೂತು ಸುಳ್ಳನ್ನೆಲ್ಲ ಆರಿಸಿ ಎಸೆಯುತ್ತಾರೆ. ಮದ್ದಿನ ಹೆಸರು ಹೇಳುವಾಗಲೂ ಹಾಗೆಯೇ, ಬುಟ್ಟಿಯಲ್ಲಿದ್ದಷ್ಟನ್ನೂ ಹೇಳುತ್ತಾರೆ.

"ನಿಂಗೆ ಡಾಕ್ಟರೇಟ್ ಕೊಟ್ರೆ ಅರ್ಧ ನಮ್ಮ ಮನೆಗೆ ಕೊಡ್ಲಿಕ್ಕೆ ಹೇಳು" ಎಂದೆ.

"ಒಂಬತ್ತು ಸೊಪ್ಪಿಗೆ ಡಾಕ್ಟರೇಟ್ ಕೊಡಲ್ಲ ಅಪ್ಪಯ್ಯ. ಒಂಬತ್ತರಲ್ಲಿ ಯಾವುದು ಇದೆ, ಯಾವುದು ಇಲ್ಲ ಅಂತ ಜೋಡಿಸಿದ್ರೆ ಐನೂರು ಚಿಲ್ಲರೆ ಥರ ಆಗುತ್ತೆ. ತಾಳ್ಮೆ ಇದ್ದವರು ಒಂದೊಂದೇ ಅರೆದು ನೋಡಿ ಮುಗಿಸ್ತಾರೆ. ನಮ್ಮದರಲ್ಲಿ ಉದ್ದ ಸಾವಿರಗಟ್ಟಲೆ ಇರುತ್ತೆ. ಜೋಡಿಸ್ತಾ ಹೋದ್ರೆ ಮುಗಿಯೋದೇ ಇಲ್ಲ. ಅದಕ್ಕೇ ಬೀಗ ಹಾಕೋರಿಗೆಲ್ಲ ಮೊದಲೇ ಕಳಿಸಬೇಕಾದ ಅಂಕಿ ಕೋಷ್ಟಕಾನೇ ಒಂದು ಫೋಟೋದಷ್ಟು ಭಾರ."

"ಬಸರೀಕಟ್ಟೆಗೆ ಕಳಿಸು ನೋಡುವ, ಸಿಗ್ನಲ್ ಇಲ್ಲದ ಆ ಊರಲ್ಲಿ ನಮಸ್ಕಾರ ಅಂತ ಕಳಿಸಿದ್ರೇ ಫೋನಲ್ಲಿ ಗೋಳಿ ತಿರುಗ್ತಾ ಇರ್ತದೆ!" ಎಂದೆ. ಅವಳು ನಕ್ಕಳು. ನನಗೆ ಒಳಗೊಳಗೇ ಅವಮಾನ. ನಮ್ಮ ಮನೆಯ ವಿದ್ಯೆಯನ್ನು ಐನೂರು ಚಿಲ್ಲರೆಗೆ ಇಳಿಸಿಬಿಟ್ಟಳಲ್ಲ.

ಅತ್ತಿಗೆ ಅಂಗಳದಲ್ಲಿ ಒಬ್ಬ ರೋಗಿಯನ್ನು ಕೂರಿಸಿಕೊಂಡು, "ಲೇಪ ಹಚ್ಚು, ಡಾಕ್ಟ್ರ ಮಾತ್ರೇನೂ ಬಿಡಬೇಡ" ಎಂದು ಹೇಳಿ ಕಳಿಸುತ್ತಿದ್ದಳು. ನಾನು ಚಪ್ಪಲಿ ಬಿಡುವ ಮುಂಚೆಯೇ ಶುರುಮಾಡಿದೆ. ಗಂಡನ ತಮ್ಮನಿಗಿಲ್ಲದ ಮದ್ದು ಟ್ಯಾಬಿನವನಿಗೆ ಹೇಗೆ ಸಿಕ್ಕಿತು, ನಾನೇನು ದಾರಿಯಲ್ಲಿ ಬಿದ್ದವನೇ ಎಂದೆಲ್ಲ.

"ಎಂತ ಮಾಣಿ, ಬೆಳಿಗ್ಗೇನೇ ಬೆಂಕಿ ಕಾರ್ತೀಯಲ," ಎಂದಳು. ಎಪ್ಪತ್ತು ದಾಟಿದವನಿಗೆ ಮಾಣಿ! "ನಂಗೆ ಮಕ್ಕಳಿಲ್ಲ. ನಿಂಗೆ ಹೇಳಬಾರದು ಅಂತ ಆಣೆ. ಈ ಕೂಸು ಕೊಟ್ಟ ಮನೆಯ ಕೂಸು, ಹೊರಗೆ ಹೋದವಳಿಗೆ ಹೇಳುವ ಕ್ರಮ ಇಲ್ಲ. ನಾನು ಕಣ್ಣು ಮುಚ್ಚಿದ್ರೆ ಮದ್ದೂ ಸತ್ತ ಹಾಗೆ. ಪೆಟ್ಟಿಗೆಯಲ್ಲಾದ್ರೂ ಇರ್ಲಿ ಅಂತ ಕೊಟ್ಟೆ."

"ಸುಳ್ಳು ಸೊಪ್ಪು ಸೇರಿಸಿ ಕೊಟ್ರಾ ದೊಡ್ಡಮ್ಮ?" ಎಂದು ಮಗಳು ಕೇಳಿದಳು.

"ಮತ್ತೆ? ಮದ್ದು ಹೇಳೂದು ಅಂದ್ರೆ ಹಂಗೇ ಅಲ್ದಾ?"

ನಾನು ತೊಡೆ ತಟ್ಟಿ ನಕ್ಕೆ. ಕಂಪನಿಗೆ ಟೋಪಿ! ನನ್ನ ಅತ್ತಿಗೆ, ನನ್ನ ಶಿಷ್ಯೆ! ಮಗಳು ಮಾತ್ರ ನಗಲಿಲ್ಲ. "ನೀವಿಲ್ಲದ ಕಾಲಕ್ಕೆ ಅದರಿಂದ ಸುಳ್ಳು ಆರಿಸಿ ತೆಗೆಯೋರು ಯಾರು ದೊಡ್ಡಮ್ಮ? ಕೀಲಿ ಯಾರ ಹತ್ರ ಇದೆ?" ಎಂದಳು.

"ಎಂತ ಕೀಲಿ?" ಎಂದಳು ಅತ್ತಿಗೆ. ಅದು ಅವಳಿಗೆ ಹೊಳೆದೇ ಇರಲಿಲ್ಲ.

"ಹೋಗ್ಲಿ, ಅವನು ಒಂದೇ ಸಲ ಬಂದಿದ್ದಾ?"

"ಇವತ್ತು ಬೆಳಿಗ್ಗೇನೂ ಬಂದಿದ್ದ. ಫೋಟೋ ಸರಿ ಬರ್ಲಿಲ್ಲಂತೆ, ಸೊಪ್ಪು ಇನ್ನೊಂದ್ಸಲ ತೋರ್ಸಿ ಅಂದ. ತಂದು ತೋರ್ಸಿದೆ, ಹೆಸರೂ ಬರ್ಕೊಂಡ. ಬಸರೀಕಟ್ಟೆ ಎಸ್ಟೇಟಿಗೆ ಹೋಗಿ, ಸಂಜೆ ಕೊಪ್ಪದ ರೂಮಿಗೆ ಬಂದು ಕಳಿಸ್ತೇನೆ ಅಂದ."

"ಅವೇ ಒಂಬತ್ತಾ?"

ಅತ್ತಿಗೆಗೆ ಅವಮಾನವಾಯಿತು. "ಅವೇ ಒಂಬತ್ತು ಎರಡ್ಸಲ ತರ್ಲಿಕ್ಕೆ ನಾನೆಂತ ಹೆಡ್ಡಿಯಾ? ಸುಳ್ಳು ಸೊಪ್ಪು ಪ್ರತೀ ಸಲ ಬದಲಾಯಿಸ್ಬೇಕು ಅಂತ ನಿನ್ನ ದೊಡ್ಡಪ್ಪ ಕಲಿಸಿದ್ದು. ಇವತ್ತು ತಂದಿದ್ದು..."

ಮಗಳು ಒಂದೇ ನೆಗೆತಕ್ಕೆ ಹೋಗಿ ಅವಳ ಬಾಯಿ ಮುಚ್ಚಿದಳು. "ಹೇಳಬೇಡಿ ದೊಡ್ಡಮ್ಮ! ಅಪ್ಪಯ್ಯ ಇಲ್ಲೇ ಇದಾರೆ!"

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮೊದಲನೆಯ ಒಂಬತ್ತನ್ನು ನಾನು ಹೋಟೆಲಿನಲ್ಲೇ ಕೇಳಿದ್ದೆ. ಎರಡನೆಯದನ್ನೂ ಕೇಳಿ, ಎರಡನ್ನೂ ಪಕ್ಕದಲ್ಲಿಟ್ಟರೆ, ಎರಡರಲ್ಲೂ ಇರುವುದು ನಿಜ, ಬದಲಾದದ್ದೆಲ್ಲ ಸುಳ್ಳು. ಐನೂರು ಚಿಲ್ಲರೆಯೂ ಬೇಡ, ಅರೆಯುವುದೂ ಬೇಡ. ಶಾಲೆಗೆ ಹೋಗುವ ಮಗು ಗೆರೆ ಎಳೆದು ಹೇಳುತ್ತದೆ.

"ನಮ್ಮ ವಿದ್ಯೆಯಲ್ಲೂ ಇದು ಗೊತ್ತಿರೋ ಗಂಡಾಂತರ," ಎಂದಳು ಮಗಳು. "ಒಂದೇ ಮಾತನ್ನ ಬೇರೆ ಬೇರೆ ಕಡೆ ಕೆಡಿಸಿ ಎರಡು ಸಲ ಕಳಿಸಬಾರದು. ಎಲ್ಲಿ ಕೆಡಿಸಿದೆ ಅಂತ ಅವೆರಡೇ ಸೇರಿ ಹೇಳಿಬಿಡ್ತಾವೆ. ಇಣುಕಿ ನೋಡಿ ಮರೆತುಹೋಗೋರ ಎದುರು ದೊಡ್ಡಮ್ಮನ ಕ್ರಮ ಸರಿ. ಬರೆದಿಟ್ಟುಕೊಳ್ಳೋರ ಎದುರು ಅದೇ ಮೋಸ."

ಅತ್ತಿಗೆ ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟಳು. "ನಿನ್ನ ದೊಡ್ಡಪ್ಪ ನಂಬಿ ಕೊಟ್ಟಿದ್ದು. ನನ್ನ ಕೈಯಾರೆ ಬಯಲಿಗಿಟ್ಟೆನಾ ಕೂಸೇ?"

ಇನ್ನೊಂದು ಮಾತು ಮಗಳ ಬಾಯಿಂದ ಬಂತು; ಅದನ್ನು ನಾನು ಸಾಯುವವರೆಗೆ ಕ್ಷಮಿಸುವುದಿಲ್ಲ. "ಅಪ್ಪಯ್ಯ, ನೀನು ಹುಡುಗನಾಗಿದ್ದಾಗ ಎರಡೇ ಎರಡು ಸಲ ಬುಟ್ಟಿ ನೋಡಿ ನೆನಪಿಟ್ಟುಕೊಂಡಿದ್ರೆ ಸಾಕಿತ್ತಲ." ನೋಡಿದ್ದೆ! ಎರಡನೆಯ ಸಲ ಸೊಪ್ಪು ಬೇರೆಯಾಗಿದ್ದು ಕಂಡು, ಇವರು ನನಗೇ ಮೋಸ ಮಾಡುತ್ತಿದ್ದಾರೆಂದು ಸಿಟ್ಟಿನಿಂದ ಬುಟ್ಟಿ ಒದ್ದು ಹೋಗಿದ್ದೆ. ಗುಟ್ಟನ್ನೇ ಒದ್ದಿದ್ದೆ. ಯಾವ ಯಾವ ಸೊಪ್ಪೆಂದು ಈಗ ನೆನಪೂ ಇಲ್ಲ.

ಇನ್ನು ಕೂರುವ ಹಾಗಿರಲಿಲ್ಲ. ಮೊದಲಿನ ಪಟ್ಟಿ ನಿನ್ನೆ ರಾತ್ರಿಯೇ ಹೋಗಿತ್ತು. ಟ್ಯಾಬಿನವನು ಕೊಪ್ಪದ ರೂಮು ಸೇರಿ ಇದನ್ನೂ ಕಳಿಸಿದನೆಂದರೆ ಮುಗಿಯಿತು: ಎರಡೂ ಪಟ್ಟಿ ಒಂದೇ ಪೆಟ್ಟಿಗೆಗೆ, ಆ ಪೆಟ್ಟಿಗೆಗೆ ನಾಳೆ ಮುರಿಯುವ ಬೀಗ. ಮಗಳು ಬಸರೀಕಟ್ಟೆಗೆ ಕಾರು ಓಡಿಸಿದಳು. ತಿರುವುಗಳಲ್ಲಿ ನಾನು ಕಂಡಕ್ಟರನ ಗತ್ತಿನಲ್ಲಿ "ರೈಟ್, ರೈಟ್" ಎಂದೆ. ಅವಳು "ಸುಮ್ಮನೆ ಕೂತ್ಕೋ" ಎಂದಳು.

ಬಸರೀಕಟ್ಟೆಯಲ್ಲಿ ಎಸ್ಟೇಟಿನ ಕೆಲಸದವರನ್ನು ಇಳಿಸಿ ಜೀಪುಗಳು ಸಾಲಾಗಿ ನಿಂತಿದ್ದವು. ಟ್ಯಾಬಿನವನು ಒಂದು ಜೀಪಿನ ಹಿಂದೆ ಹತ್ತುತ್ತಿದ್ದ, ಕೊಪ್ಪಕ್ಕೆ. ನಾನು ಕಾರಿಳಿದು ಅವನ ಚೀಲ ಹಿಡಿದು ಎಳೆದೆ.

"ಬೆಳಿಗ್ಗೆ ನಮ್ಮತ್ತಿಗೆ ತೋರ್ಸಿದ ಸೊಪ್ಪು ಇದೆಯಲ, ಅದು ನಾನು ಮಾಡಿದ ತಮಾಷೆ. ಇವು ಇವು ಹೇಳು ಅಂತ ನಾನೇ ಹೇಳಿಕೊಟ್ಟು ಕಳಿಸಿದ್ದು. ಪಾಪ, ಮುದುಕಿ ಹಂಗೇ ಹೇಳಿದ್ದಾಳೆ."

ಅವನು ಕೆಕ್ಕರಿಸಿ ನೋಡಿದ. "ಸುಳ್ಳು. ನಿನ್ನೆಯಿಂದ ನೀವು ಇದನ್ನ ತೆಗೆಸೋಕೆ ನೋಡ್ತಾ ಇದೀರ."

ಜೀಪಿನ ಡ್ರೈವರ್ ತಲೆ ಹೊರಗೆ ಹಾಕಿದ. "ಯಾರು, ಇವ್ರಾ? ಅಯ್ಯೋ ಮಾರಾಯ್ರೇ, ಇವ್ರು ಮಾಡಿರ್ತಾರೆ ಬಿಡಿ! ನಮ್ಮಪ್ಪನ ಮದುವೆ ದಿಬ್ಬಣ ತಪ್ಪಿಸಿ ಬೇರೆ ಮದುವೆ ಮನೆ ಎದ್ರು ಇಳಿಸಿದ್ದು ಇವ್ರೇ. ಅಲ್ಲೇ ಅವ್ರೆಲ್ಲ ಉಂಡು ಬಂದ್ರು!" ಪಕ್ಕದ ಜೀಪಿನವನು ಇನ್ನೊಂದು ಹೇಳಿದ. ಅಂಗಡಿಯಲ್ಲಿ ಬೀಡಾ ಕಟ್ಟುತ್ತಿದ್ದವಳು ಮೂರನೆಯದನ್ನು ಶುರುಮಾಡಿದಳು. ನನ್ನ ಕೀರ್ತಿ ಬಸರೀಕಟ್ಟೆಯಲ್ಲಿ ಇಷ್ಟೊಂದು ಹಸಿರಾಗಿದೆ ಎಂದು ನನಗೇ ತಿಳಿದಿರಲಿಲ್ಲ. ಮಗಳು ಕಾರಿಗೆ ಒರಗಿ, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು.

ಟ್ಯಾಬಿನವನ ಮುಖ ಕೆಂಪಾಯಿತು. "ನಿಮ್ಮ ವಯಸ್ಸಿಗೆ ನಾಚಿಕೆ ಆಗ್ಬೇಕು. ನನ್ನ ಒಂದು ದಿನ ಹಾಳು." ಟ್ಯಾಬ್ ತೆಗೆದು, ಬೆಳಗಿನ ಪುಟ ತೆರೆದು, ನನ್ನ ಮೂಗಿನ ಹತ್ತಿರ ಹಿಡಿದ. "ನೋಡಿ, ಇದರಲ್ಲಿ ಯಾವುದು ನೀವು ಹೇಳಿಕೊಟ್ಟಿದ್ದು? ಅದನ್ನಷ್ಟೇ ಹೊಡೀತೀನಿ."

ಅಪ್ಪ ನನಗೆ ಕೊಡದೆ ಹೋದದ್ದು, ಅಣ್ಣ ಬಾಯಿ ಬಿಡದೆ ಸತ್ತದ್ದು ಮೊಳದ ದೂರದಲ್ಲಿ ಬೆಳಗುತ್ತಿತ್ತು. ಒಂದು ಸಲ ಕಣ್ಣಾಡಿಸಿದರೆ ಸಾಕು, ಹೋಟೆಲಿನಲ್ಲಿ ಕೇಳಿದ್ದು ನನಗೆ ಬಾಯಿಪಾಠ. ನಾನು ಕುತ್ತಿಗೆ ತಿರುಗಿಸಿ ಬೀಡಾ ಅಂಗಡಿಯ ಕಡೆ ನೋಡಿದೆ.

"ಕನ್ನಡಕ ತರ್ಲಿಲ್ಲ ಮಾರಾಯ. ಎಲ್ಲಾ ನಂದೇ. ಅಷ್ಟೂ ಹೊಡಿ."

ಕನ್ನಡಕ ಅಂಗಿಯ ಜೇಬಿನಲ್ಲೇ ಇತ್ತು. ಅವನು ಬಯ್ಯುತ್ತಾ ಹೊಡೆದುಹಾಕಿದ. ಫೋಟೋಗಳೂ ಹೋದವು, ಮಗಳು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು. ಅವಳು ಏನೇನು ಓದಿದಳೋ ನಾನು ಕೇಳಲಿಲ್ಲ.

ಗೆದ್ದೆವು ಎಂದು ಬರೆದರೆ ಅದೂ ನನ್ನ ತಮಾಷೆಯಾದೀತು. ಮೊದಲಿನ ಒಂಬತ್ತು ಅಲ್ಲೇ ಇವೆ, ಆ ಲೊಡ್ಡು ಬೀಗದ ಹಿಂದೆ. ಯಾರೋ ನಕಲು ತೆಗೆದಿರಬಹುದು, ಕಾಯುತ್ತಿರಬಹುದು. ನಾನಿರುವುದಿಲ್ಲ ಎಂದು ನಕ್ಕವನ ಮುಖ ನೆನಪಾದಾಗಲೆಲ್ಲ ನನಗೆ ಅವನ ಬನ್ಸಿನ ತಟ್ಟೆಯೂ ನೆನಪಾಗುತ್ತದೆ. ಆ ದಿನ ಬಿಟ್ಟದ್ದು ತಪ್ಪಾಯಿತು.

ಸಂಜೆ ಸೀತೂರಿಗೆ ತಿರುಗಿ ಬಂದು ನಡೆದದ್ದನ್ನು ಹೇಳಿದೆವು. ಅತ್ತಿಗೆ ಒಳಗೆ ಹೋಗಿ ಬುಟ್ಟಿ ತಂದು ಮಗಳ ಕೈಗೆ ಕೊಟ್ಟಳು.

"ಕೊಟ್ಟ ಮನೆಯೋ, ಹುಟ್ಟಿದ ಮನೆಯೋ, ಆ ಕ್ರಮ ನನ್ನ ಕಾಲಕ್ಕೆ ಸಾಕು. ಕಾದು ಕೂತವ್ರು ಆ ಬೀಗ ತೆಗೆಯುವ ದಿನಕ್ಕೆ ಇಲ್ಲಿ ಮದ್ದು ಕೊಡುವವರು ಒಬ್ಬರಿರ್ಲಿ. ಬಾ ಕೂಸೇ, ಬೆಳಕಿರುವಾಗ್ಲೇ ತೋರಿಸ್ತೇನೆ."

ನಾನೂ ಎದ್ದೆ. ಇವತ್ತು ಅಷ್ಟು ಮಾಡಿದವನು ನಾನಲ್ಲವೇ? ಚಪ್ಪಲಿಗೆ ಕಾಲು ಹಾಕಿದೆ.

"ನೀನೆಲ್ಲಿಗೆ ಮಾಣಿ?" ಎಂದಳು ಅತ್ತಿಗೆ. "ಆಣೆ ಆಣೆಯೇ. ಒಲೆ ಮೇಲೆ ಹಾಲಿಟ್ಟಿದ್ದೇನೆ, ಉಕ್ಕದ ಹಾಗೆ ನೋಡ್ಕೊ."

ಇಬ್ಬರೂ ಬೇಲಿ ದಾಟಿ ಇಳಿದುಹೋದರು. ನಾನು ಒಲೆಯ ಮುಂದೆ ಕೂತು, ಬೇಕೆಂದೇ, ಹಾಲು ಉಕ್ಕಲು ಬಿಟ್ಟೆ.